ಒಂದರ ಪಕ್ಕ ಹತ್ತನ್ನು ಕೂರಿಸಿದವರಿಗೆ

ಮಾನ್ಯರಲ್ಲಿ ಮಾನ್ಯರಾದ, ಕಂಪ್ಯೂಟರಿನ ಕಪ್ಪು ಪರದೆಯೊಳಗೆ ಬಿಡಾರ ಹೂಡಿರುವ, ಒಂದು ಫೈಲಿನ ಬಾಲಕ್ಕೆ ಇನ್ನೊಂದು ಫೈಲಿನ ತಲೆಯನ್ನು ಹಚ್ಚಿ ಎಲ್ಲವನ್ನೂ ಒಂದೇ ಫೈಲು ಮಾಡಿಕೊಡುವುದೇ ಕಸುಬಾಗಿರುವ ಶ್ರೀ ‘ಕ್ಯಾಟ್’ ಎಂಬ ಆಜ್ಞೆಯವರ ಸನ್ನಿಧಾನಕ್ಕೆ, ಆದವಾನಿಯ ಹತ್ತಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ವಾಸವಾಗಿರುವ, ಸಂಬಂಧ ಹಚ್ಚುವ ಪಂಚಾಕ್ಷರಯ್ಯ ಬಾಗಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಕೇಳಿ ಬಲ್ಲೆ. ತಮಗೆ ನೆಗಡಿಯೂ ಬರುವುದಿಲ್ಲವಂತೆ. ಇಲ್ಲಿ ನಾನು ಅಷ್ಟೇನೂ ಕ್ಷೇಮವಾಗಿಲ್ಲ, ಅದಕ್ಕೆ ಕಾರಣ ತಾವೇ ಎಂದು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ.

ತಾವೂ ನಾನೂ ಒಂದೇ ಕಸುಬಿನವರಾದ್ದರಿಂದ ಮುಚ್ಚುಮರೆ ಬೇಡ. ಆದವಾನಿ, ಆಸ್ಪರಿ, ಮದ್ದಿಕೇರ ಮೊದಲಾದ ಊರುಗಳ ನಮ್ಮ ಮನೆತನಗಳಲ್ಲಿ ಯಾರ ಮಗ ಯಾರ ಮಗಳನ್ನು ಲಗ್ನವಾಗಬೇಕೆಂಬುದನ್ನು ಬಹುಕಾಲದಿಂದ ನಾನೇ ಬಸ್ಸು ಹತ್ತಿ ಇಳಿದು ಏರ್ಪಡಿಸುತ್ತ ಬಂದಿದ್ದೇನೆ. ಮೇಲುನೋಟಕ್ಕೆ ಇದು ಕೂಡಿಸುವ ಕೆಲಸ. ಆದರೆ ಇದರ ಮರ್ಮವೆಲ್ಲ ಇರುವುದು ಕೂಡುವ ತನಕ ದೂರ ಇಡುವುದರಲ್ಲಿ. ಹುಡುಗನ ಸಂಬಳವನ್ನು ಮೊದಲ ದಿನವೇ ಹೇಳಬೇಕು, ಅವನ ಬೋಳುತಲೆಯನ್ನು ಎರಡನೆಯ ಭೇಟಿಯವರೆಗೆ ಟೋಪಿಯೊಳಗೇ ಇಡಬೇಕು; ಹುಡುಗಿಯ ಓದನ್ನು ಬೀಗರ ಬಾಗಿಲಲ್ಲೇ ಸಾರಬೇಕು, ಅವಳ ತಾಯಿಯ ಬಾಯಿಯನ್ನು ನಿಶ್ಚಯದ ಊಟ ಮುಗಿಯುವ ತನಕ ಅಡುಗೆಮನೆಯಲ್ಲಿ ಕೂಡಿಹಾಕಬೇಕು. ನಿಜವನ್ನು ಒಂದೇ ಸಲ ಬಡಿಸಿದರೆ ಯಾವ ಮನೆತನಕ್ಕೂ ಜೀರ್ಣವಾಗುವುದಿಲ್ಲ. ಇಂಥ ನಯನಾಜೂಕಿನ ಕೆಲಸವನ್ನು ತಾವು ಕಣ್ಣು ಮಿಟುಕಿಸುವಷ್ಟರಲ್ಲಿ, ಕುಲದ ಬೆಡಗು ಕೇಳದೆ, ಜಾತಕ ನೋಡದೆ, ಒಂದು ಲೋಟ ನೀರೂ ಕುಡಿಯದೆ ಮಾಡಿ ಮುಗಿಸಿದ್ದನ್ನು ಕಣ್ಣಾರೆ ಕಂಡ ಮೇಲೆ, ಇಷ್ಟು ವರ್ಷ ನಾನು ಸವೆಸಿದ ಚಪ್ಪಲಿಗಳನ್ನು ನೆನೆದು ನನಗೇ ನನ್ನ ಮೇಲೆ ಕನಿಕರ ಹುಟ್ಟಿದೆ.

ಆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಕ್ರಮ ಎಂಬುದು ತಮಗೆ ಅಷ್ಟಾಗಿ ಪರಿಚಯವಿಲ್ಲದ ವಸ್ತುವಾದ್ದರಿಂದ ಸ್ವಲ್ಪ ಸಹಿಸಿಕೊಳ್ಳಬೇಕು. ಸಂಬಂಧದ ಕಾಗದ ಬರೆಯುವುದಕ್ಕೆ ನಮ್ಮ ಮನೆತನದಲ್ಲಿ ಒಂದು ಪದ್ಧತಿಯುಂಟು. ಮೇಲೆ ಹೆಸರು, ಅದರ ಬೆನ್ನಿಗೆ ಊರು, ಬೆಡಗು, ಓದು, ಉದ್ಯೋಗ. ಕಟ್ಟಕಡೆಯ ಸಾಲಿನಲ್ಲಿ ತನಗೆ ಎಂಥವರು ಬೇಕೆಂದು ಹುಡುಗಿಯೋ ಹುಡುಗನೋ ಸ್ವತಃ ಹೇಳಿ ಬರೆಸಬೇಕು, ಮಧ್ಯಸ್ಥನು ಅದನ್ನು ತಿದ್ದುವಂತಿಲ್ಲ. ಆ ಸಾಲಿನ ಕೆಳಗೆ ಮುಕ್ತಾಯದ ಗೆರೆ ಎಳೆಯುವಂತಿಲ್ಲ. ಸಂಬಂಧ ಕೂಡುವ ಮೊದಲೇ ಕಾಗದವನ್ನು ಮುಗಿಸಿದರೆ ಕಂಕಣಬಲವೂ ಅಲ್ಲಿಗೇ ಮುಗಿಯುತ್ತದೆಂದು ನಮ್ಮ ಅಜ್ಜನ ಕಾಲದಿಂದ ನಂಬಿಕೆ. ಕಾಗದ ಹೋಗಿ ಕಂಪ್ಯೂಟರು ಬಂದ ಮೇಲೂ ನಾನು ಈ ನಿಯಮವನ್ನು ಸಡಿಲಿಸಲಿಲ್ಲ. ಟೈಪು ಮಾಡಿಕೊಡುವ ನನ್ನ ಸೊಸೆ ಹೇಮಾವತಿಗೆ, ಕೊನೆಯ ಸಾಲು ಮುಗಿದ ಮೇಲೆ ಕೆಳಗಿನ ಸಾಲಿಗೆ ಇಳಿಸುವ ಗುಂಡಿಯನ್ನು ಅಪ್ಪಿತಪ್ಪಿಯೂ ಒತ್ತಬೇಡವೆಂದು ತಾಕೀತು ಮಾಡಿದ್ದೆ. ಆಕೆ ಹತ್ತಿ ಬಿಡಿಸುವ ಜಿನ್ನಿಂಗ್ ಕಾರ್ಖಾನೆಯ ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವಳು, ಇಂಥ ನಂಬಿಕೆಗಳಿಗೆ ಸೆರಗಿನ ಮರೆಯಲ್ಲಿ ನಗುವವಳು. ಆದರೂ ಮಾವನ ಮಾತೆಂದು ಒಂದು ಫೈಲಿನಲ್ಲೂ ಒತ್ತಲಿಲ್ಲ. ಅವಳ ಈ ವಿಧೇಯತೆಯೇ ಮುಂದೆ ನನ್ನ ಕೊರಳಿಗೆ ಬಂತು.

ಫೈಲುಗಳಿಗೆ ನಾನು ಹೆಸರಿಡದೆ ನಂಬರು ಕೊಟ್ಟಿದ್ದೆ. ಒಂದನೆಯ ನಂಬರು ನನ್ನ ಮಗಳು ಅಶ್ವಿನಿಗೆ. ಊರಿನ ಹೆಣ್ಣುಮಕ್ಕಳನ್ನೆಲ್ಲ ದಡ ಸೇರಿಸಿದವನ ಸ್ವಂತ ಮಗಳು ಇಪ್ಪತ್ತೊಂಬತ್ತು ತುಂಬಿಸಿಕೊಂಡು, ಇಲ್ಲಿಯ ಶಾಲೆಯೊಂದರಲ್ಲಿ ಗಣಿತ ಹೇಳುತ್ತ, ತೋರಿಸಿದ ವರಗಳನ್ನೆಲ್ಲ ‘ನೋಡೋಣ್ರಿ ಅಪ್ಪಾಜಿ’ ಎಂಬ ಒಂದೇ ಮಾತಿನಲ್ಲಿ ದಾಟಿಸುತ್ತಿದ್ದಳು. ಹೋದಲ್ಲೆಲ್ಲ ಜನ ನನ್ನನ್ನು ಮೊದಲು ಕೇಳುತ್ತಿದ್ದುದು ಅವಳ ಲಗ್ನ ಯಾವಾಗ ಎಂದೇ, ಮತ್ತು ಆ ಪ್ರಶ್ನೆ ನನಗೆ ಚುಚ್ಚುತ್ತಿತ್ತು. ಎರಡನೆಯ ನಂಬರನ್ನು ಮದ್ದಿಕೇರದ ಹಾಲೇಶನಿಗೆ ಕೊಟ್ಟಿದ್ದೆ. ನೀರಾವರಿ ಹೊಲ, ಎರಡಂತಸ್ತಿನ ಮನೆ, ಅಂಗಳದಲ್ಲಿ ಟ್ರ್ಯಾಕ್ಟರು, ಮಾತಿಗೊಮ್ಮೆ ಕನ್ನಡಿ ನೋಡಿಕೊಳ್ಳುವುದೊಂದು ಬಿಟ್ಟರೆ ಬೇರೆ ದೋಷವಿಲ್ಲದ ವರ. ಒಂದರ ಪಕ್ಕದಲ್ಲಿ ಎರಡು ಕೂರಲೆಂದು, ಕೂತು ಕೂತು ಹಾಗೆಯೇ ಹಸೆಮಣೆಯವರೆಗೆ ಹೋಗಲೆಂದು ತಂದೆಯಾದವನ ಒಂದು ಆಸೆ. ಹತ್ತನೆಯ ನಂಬರು ಆಸ್ಪರಿಯ ಕೊಟ್ರೇಶನದು. ಬೆಡಗು ಕೂಡುತ್ತಿತ್ತು, ಮನೆತನ ಒಳ್ಳೆಯದು, ಆದರೆ ಬಸ್ಟ್ಯಾಂಡಿನ ಎದುರಿಗೆ ಮಂಡಕ್ಕಿಯ ಉಗ್ಗಾಣಿ, ಬಜ್ಜಿಯ ಹೋಟೆಲು ನಡೆಸುವವನು, ಅದರಲ್ಲೂ ಸ್ವತಃ ಬಾಣಲೆಯ ಮುಂದೆ ನಿಲ್ಲುವವನು. ಹೀಗಾಗಿ ನನ್ನ ಮನೆಯಿಂದ ಸಾಕಷ್ಟು ದೂರವೇ ಇಟ್ಟಿದ್ದೆ. ನಂಬರು ಹನ್ನೆರಡಕ್ಕೆ ಮುಗಿದಿತ್ತು.

ಎಲ್ಲ ಮನೆಗಳಿಗೂ ಎಲ್ಲ ಕಾಗದಗಳನ್ನು ಬಿಡಿಬಿಡಿಯಾಗಿ ಕಳಿಸಿ ಸಾಕಾಗಿ, ಎಲ್ಲವನ್ನೂ ಒಂದು ಪುಸ್ತಕದಂತೆ ಮಾಡಿಕೊಡಲು ಸಾಧ್ಯವೇ ಎಂದು ಸೊಸೆಯನ್ನು ಕೇಳಿದೆ. ‘ಅದರಾಗೇನೈತ್ರಿ ಮಾವಾರ, ಒಂದ ಸಾಲು ಹೊಡದ್ರ ಎಲ್ಲಾ ಫೈಲು ತಾನ ಕೂಡಿಸಿಬಿಡ್ತೈತಿ’ ಎಂದು ಆಕೆ ತಮ್ಮ ಹೆಸರನ್ನು ಮೊದಲ ಬಾರಿಗೆ ನನ್ನ ಕಿವಿಗೆ ಹಾಕಿದಳು. ತಮ್ಮ ದರ್ಶನಕ್ಕೆ ನಾನು ಮೀಸೆ ತೀಡಿಕೊಂಡು ಕೂತೆ. ಕಪ್ಪು ಪರದೆ, ಅದರಲ್ಲೊಂದು ಬಿಳಿ ಗೆರೆ ಮಿಣುಕುತ್ತಿತ್ತು. ಹೇಮಾವತಿ ಏನೋ ಒಂದು ಸಾಲು ಹೊಡೆದಳು, ಗೆರೆ ಕೆಳಗೆ ಇಳಿದು ಮತ್ತೆ ಮಿಣುಕತೊಡಗಿತು. ಯಾವಾಗ ಶುರುವಾಗುತ್ತದೆ ಎಂದು ಕೇಳಿದೆ. ‘ಆಗೇಬಿಟ್ಟೈತ್ರಿ’ ಎಂದಳು. ಮಾನ್ಯರೇ, ಸಂಬಂಧ ಕೂಡಿಸಿದ ಮೇಲೆ ನಾನು ಬೀಗರ ಮನೆಯಲ್ಲಿ ಹೋಳಿಗೆ ಮುಗಿಯುವ ತನಕ ಆ ವಿಷಯವನ್ನೇ ಮಾತಾಡುತ್ತೇನೆ. ತಾವು ಹನ್ನೆರಡು ಮನೆತನಗಳನ್ನು ಕೂಡಿಸಿ, ‘ಆಯಿತು’ ಎಂಬ ಒಂದು ಮಾತನ್ನೂ ಆಡದೆ ಸುಮ್ಮನೆ ನಿಂತಿರಿ. ಆ ಹೊತ್ತಿನಲ್ಲಿ ಅದನ್ನು ನಾನು ವಿನಯವೆಂದು ತಿಳಿದೆ. ತಪ್ಪು ಮಾಡಿದವರೂ ಹೀಗೆಯೇ ಸುಮ್ಮನಿರುತ್ತಾರೆಂಬುದು ಇಷ್ಟು ವಯಸ್ಸಾಗಿಯೂ ನನಗೆ ಹೊಳೆಯಲಿಲ್ಲ.

ಅದೇ ಗಳಿಗೆಯಲ್ಲಿ, ಮಂಗಳವಾರದ ರಾಹುಕಾಲವೆಂಬುದನ್ನೂ ಮರೆತು, ಆ ಫೈಲನ್ನು ಒಮ್ಮೆಯೂ ಓದದೆ, ‘ಶುಭಮಸ್ತು’ ಎಂದು ಬರೆದು ನಮ್ಮ ಸಂಬಂಧಗಳ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಹನ್ನೆರಡು ಮನೆಗಳೂ ಆ ಗುಂಪಿನಲ್ಲಿದ್ದವು. ಓದದೆ ಕಳಿಸಿದ್ದು ನನ್ನ ತಪ್ಪೆಂದು ಮನೆಯಲ್ಲಿ ಕೆಲವರು ಹೇಳುತ್ತಾರೆ. ಆ ಕೆಲವರ ಅಭಿಪ್ರಾಯವನ್ನು ಈ ದೂರಿನಲ್ಲಿ ಪರಿಗಣಿಸಬೇಕಾಗಿಲ್ಲ.

ಒಂದರ ನಂತರ ಏನು ಬರುತ್ತದೆಂದು ಅಂಗನವಾಡಿಯ ಮಗುವನ್ನು ಕೇಳಿದರೂ ಎರಡು ಎನ್ನುತ್ತದೆ. ತಮ್ಮ ಆಸ್ಥಾನದಲ್ಲಿ ಮಾತ್ರ ಒಂದರ ನಂತರ ಹತ್ತು, ಹತ್ತರ ನಂತರ ಹನ್ನೊಂದು, ಹನ್ನೆರಡು, ಅವೆಲ್ಲ ಮುಗಿದ ಮೇಲೆ ‘ಬಾರಪ್ಪ’ ಎಂದು ಎರಡಕ್ಕೆ ಕರೆ. ಒಂದರಿಂದ ಶುರುವಾಗುವ ನಂಬರುಗಳೆಲ್ಲ ಒಂದು ಕಡೆ ಕೂತರೆ ಚೆಂದವೆಂದು ತಮ್ಮ ಕಡೆಯವರ ಲೆಕ್ಕಾಚಾರವಂತೆ, ಹೇಮಾವತಿ ಆಮೇಲೆ ತಿಳಿಸಿದಳು. ಗಣಿತದ ಮೇಡಂ ಆದ ನನ್ನ ಮಗಳಿಗೆ ಈ ಹೊಸ ಎಣಿಕೆ ಕೇಳಿ ಎಷ್ಟು ನಗು ಬಂತೆಂದರೆ ಅವಳು ಗೋಡೆ ಹಿಡಿದು ಕೂತಳು.

ಎಣಿಕೆ ತಪ್ಪಿದ್ದು ಸಾಲದೆಂದು, ಮುಕ್ತಾಯವಿಲ್ಲದ ನಮ್ಮ ಕಾಗದಗಳನ್ನು ತಾವು ನಡುವೆ ಒಂದು ಖಾಲಿ ಸಾಲನ್ನೂ ಬಿಡದೆ ಹೊಲಿದುಬಿಟ್ಟಿರಿ. ಒಬ್ಬರ ಆಸೆ ಮುಗಿಯುವ ಸಾಲಿನಲ್ಲಿಯೇ ಇನ್ನೊಬ್ಬರ ಹೆಸರು. ಆಸ್ಪರಿಯ ಕೊಟ್ರೇಶ ತನ್ನ ಕಾಗದದ ಕೊನೆಗೆ, ಹೋಟೆಲಿನವನೆಂದು ನಾಚಿಕೊಳ್ಳದ ಹುಡುಗಿ ಬೇಕೆಂದು ಬರೆಸಿದ್ದ; ಅದೇ ಉಸಿರಿನಲ್ಲಿ ತಾವು ‘ಜಂಬುನಾಥ, ಹತ್ತಿ ದಲ್ಲಾಳಿ, ಎತ್ತರ ಆರಡಿ, ದಪ್ಪ ಮೀಸೆ’ ಎಂದು ಹನ್ನೊಂದನೆಯ ಕಾಗದವನ್ನು ಹಚ್ಚಿದಿರಿ. ಜಂಬುನಾಥ ಎರಡನೆಯ ಸಂಬಂಧ ಹುಡುಕುತ್ತಿದ್ದ ಗಂಭೀರ ಮನುಷ್ಯ. ಅಂದಿನಿಂದ ಮಾರುಕಟ್ಟೆಯಲ್ಲಿ ಹಮಾಲರು ಅವನಿಗೆ ದಾರಿ ಬಿಡುವಾಗ ‘ಬರ್ರಿ ಅಕ್ಕಾರ’ ಎನ್ನುತ್ತಾರಂತೆ. ಇನ್ನು ಕೆಲವು ಕಾಗದಗಳು ಕನ್ನಡದಲ್ಲಿ, ಕೆಲವು ತೆಲುಗಿನಲ್ಲಿ ಇದ್ದವು. ಭಾಷಾವಾರು ಪ್ರಾಂತ್ಯಗಳಾದ ಸುದ್ದಿ ತಮಗೆ ಇನ್ನೂ ಮುಟ್ಟಿದಂತಿಲ್ಲ, ಕನ್ನಡದಲ್ಲಿ ಹೊರಟ ಸಾಲನ್ನು ತೆಲುಗಿನಲ್ಲಿ ಮುಗಿಸಿದ್ದೀರಿ. ಆಂಧ್ರಕ್ಕೆ ಸೇರಿದ ಆದವಾನಿಯಲ್ಲಿ ಮನುಷ್ಯರೇ ಹಾಗೆ ಮಾತಾಡುವುದರಿಂದ ಅದೊಂದು ತಪ್ಪನ್ನು ಮಾತ್ರ ಯಾರೂ ಗುರುತಿಸಲಿಲ್ಲ.

ಹನ್ನೆರಡನೆಯ ಕಾಗದದ ಹುಡುಗಿ ಬಹಳ ಸಂಕೋಚದವಳು. ಅವಳು ‘ದೊಡ್ಡ ಆಸೆ ಏನೂ ಇಲ್ಲ, ಯಾರಾದರೂ ನಡೆಯುತ್ತದೆ’ ಎಂದಷ್ಟೇ ಬರೆಸಿದ್ದಳು. ಅದರ ಬಾಲಕ್ಕೆ ತಾವು ‘ಹಾಲೇಶ, ಮದ್ದಿಕೇರ’ ಎಂದು ಹಚ್ಚಿ, ‘ಯಾರಾದರೂ ನಡೆಯುತ್ತದೆ ಹಾಲೇಶ’ ಎಂಬ ಅಮರವಾಕ್ಯವನ್ನು ಹನ್ನೆರಡು ಮನೆಗಳಿಗೆ ತಲುಪಿಸಿದಿರಿ. ಆ ಸಂಜೆಯೇ ಹಾಲೇಶನ ತಂದೆಯ ಫೋನು ಬಂತು. ‘ನಮ್ಮ ಹುಡುಗ ಗತಿ ಇಲ್ಲದವರ ಪಾಲಿಗೆ ಅದಾನೇನ್ರಿ? ನಿಮ್ಮ ಮಗಳು ನೋಡಿದ್ರ ಯಾವನೋ ಹೋಟೆಲಿನವನ್ನ ಕೇಳ್ಯಾಳ, ಆಕಿಗೆ ಅವನ್ನ ಕೊಡ್ರಿ’ ಎಂದವರು, ನನಗೆ ಬಾಯಿ ತೆರೆಯಲೂ ಬಿಡದೆ ಫೋನು ಇಟ್ಟುಬಿಟ್ಟರು. ಒಂದು ಸುಗ್ಗಿಯಿಡೀ ಓಡಾಡಿ, ಒಂದೊಂದೇ ನಿಜವನ್ನು ಹದವಾಗಿ ಬಡಿಸುತ್ತ ನಾನು ಕಟ್ಟಿದ ಸಂಬಂಧ ತಮ್ಮ ಒಂದು ಮಿಣುಕಿಗೆ ಹಾರಿಹೋಯಿತು. ನನಗೆ ಸಿಟ್ಟು ಬಂತು, ಅಳುವೂ ಬಂತು. ಈ ಸಂಬಂಧವೂ ತಪ್ಪಿದರೆ ಮಗಳಿಗೆ ಇನ್ನಾರು ಎಂಬ ಹೆದರಿಕೆಯಲ್ಲಿ ಅಂದು ಊಟ ಸೇರಲಿಲ್ಲ.

ಮಗಳು ಹೋಟೆಲಿನವನನ್ನು ಕೇಳಿದ್ದೆಲ್ಲಿ ಎಂದು ಫೈಲು ತೆರೆದು ನೋಡಿದೆ. ತಿದ್ದುವ ಹಕ್ಕಿಲ್ಲದ ಸಾಲನ್ನು ಓದಿ ಏನು ಪ್ರಯೋಜನವೆಂದು ಅವಳ ಕೊನೆಯ ಸಾಲನ್ನು ನಾನು ಅಲ್ಲಿಯವರೆಗೆ ಓದಿಯೇ ಇರಲಿಲ್ಲ. ‘ನನ್ನ ಕೆಲಸ ಬಿಡಿಸದವನು, ನಕ್ಕರೆ ಬಾಯಿತುಂಬ ನಗುವವನು, ನನ್ನ ಎದುರಿಗೆ ಒಂದು ನನ್ನ ಹಿಂದೆ ಒಂದು ಆಡದವನು, ಅಂಥವನು ಸಿಕ್ಕರೆ ನಾಳೆಯೇ ಒಪ್ಪುವೆ, ಅವನು’ ಎಂದು ಬರೆಸಿ, ಅವನು ಯಾರೆಂದು ಗೊತ್ತಿಲ್ಲದೆ ಅಲ್ಲಿಗೇ ಬಿಟ್ಟಿದ್ದಳು. ತಾವು ಅದನ್ನು ಹಾಗೆ ಬಿಡಲೊಲ್ಲದೆ ‘ಕೊಟ್ರೇಶ, ಆಸ್ಪರಿ’ ಎಂದು ಪೂರ್ತಿ ಮಾಡಿದ್ದಿರಿ. ನಡುವೆ ಒಂದು ಕೂದಲೆಳೆಯಷ್ಟು ಸಂದೂ ಇರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಕೊಟ್ರೇಶನ ತಾಯಿ ಪಂಪಮ್ಮ ಬಂದಿಳಿದರು. ಕೈಯಲ್ಲಿ ಒಂದು ಹರಿವಾಣ, ಅದರಲ್ಲಿ ಹಸಿರು ಬಳೆ, ಹೂವು, ಕುಪ್ಪಸದ ಕಣ, ಜೊತೆಗೆ ಡಬ್ಬಿಯ ತುಂಬ ಬಿಸಿ ಉಗ್ಗಾಣಿ. ಹೆಣ್ಣಿನ ಮನೆಗೆ ಗಂಡಿನ ತಾಯಿ ಹೀಗೆ ಒಬ್ಬಳೇ, ಮಧ್ಯಸ್ಥನಿಗೂ ತಿಳಿಸದೆ ಬರುವುದು ನಮ್ಮಲ್ಲಿಲ್ಲ. ಆದರೆ ಅವರ ಲೆಕ್ಕದಲ್ಲಿ ಮಧ್ಯಸ್ಥನಾದ ನಾನೇ ಕಾಗದ ಕಳಿಸಿ ಕರೆಸಿದ್ದೆ. ‘ಅಣ್ಣಾರ, ನನ್ನ ಮಗನ್ನ ನೋಡಾಕ ಬಂದೋರೆಲ್ಲ ಬಜ್ಜಿ ತಿಂದು, ಕೈ ತೊಳಕೊಂಡು ಹೋದೋರ. ಹೋಟೆಲಿನವ ಬ್ಯಾಡ ಅಂದೋರ. ನಿಮ್ಮ ಮಗಳು ಊರಿಗೆಲ್ಲ ಕಾಣಂಗ ಹೆಸರು ಹಿಡದು ಕೇಳ್ಯಾಳ. ನಾನು ರಾತ್ರಿಯೆಲ್ಲ ಅದನ್ನ ಮತ್ತ ಮತ್ತ ಓದಿಸಿಕೊಂಡೀನಿ’ ಎಂದು ಅವರು ಕಣ್ಣೊರಸಿಕೊಂಡರು. ಬೋಳುತಲೆಗೆ ಟೋಪಿ ತೊಡಿಸಿ, ಸಿಡುಕರನ್ನು ಶಾಂತಮೂರ್ತಿಗಳೆಂದು ನಂಬಿಸಿ ಜೀವನ ಸಾಗಿಸಿದ ನನಗೆ, ‘ಅದು ಯಂತ್ರದ ತಪ್ಪಮ್ಮ’ ಎಂಬ ಒಂದೇ ಒಂದು ನಿಜ ಹೇಳಲು ಬಾಯಿ ಬರಲಿಲ್ಲ. ಅಶ್ವಿನಿ ಒಳಗಿನಿಂದ ಬಂದಳು, ಪಂಪಮ್ಮನವರ ಮುಖ ನೋಡಿದಳು, ಡಬ್ಬಿಯನ್ನು ತೆಗೆದುಕೊಂಡು ಹೋಗಿ ಉಗ್ಗಾಣಿಯನ್ನು ತಟ್ಟೆಗಳಿಗೆ ಬಡಿಸಿ ತಂದಳು.

ಹರಿವಾಣ ನಮ್ಮ ಮನೆಯಲ್ಲೇ ಉಳಿಯಿತು. ಅದನ್ನು ಹೇಗೆ ಹಿಂದಿರುಗಿಸುವುದೆಂದು ನಾನು ಒದ್ದಾಡುತ್ತಿರುವಾಗಲೇ, ಅದೇ ವಾರ ಹೋಟೆಲಿನ ಬೆಳಗಿನ ಗಿರಾಕಿ ಮುಗಿಸಿ ಕೊಟ್ರೇಶನೇ ಬಂದ. ಬಂದವನು ನನ್ನೊಡನೆ ಮಾತಾಡದೆ, ಬಾಗಿಲಲ್ಲಿ ನಿಂತಿದ್ದ ಅಶ್ವಿನಿಯನ್ನೇ ನೋಡಿ ಹೇಳಿದ. ‘ಅದು ಮಿಷನ್ ಮಾಡಿದ ತಪ್ಪು ಅಂತ ನನಗ ಅವತ್ತ ಗೊತ್ತಾತ್ರಿ ಮೇಡಂ. ನನ್ನ ಕಾಗದದಾಗ ಹುಡುಗಿ ಜಾಗಾದಾಗ ಜಂಬುನಾಥಣ್ಣ ಮೀಸಿ ಬಿಟಗೊಂಡು ಕುಂತಾನ. ಅವ್ವಗ ಹೇಳಾಕ ಮನಸಾಗಲಿಲ್ಲ, ಆಕಿ ಹಂಗ ನಕ್ಕಿದ್ದು ನಾನು ನೋಡೇ ಇರಲಿಲ್ಲ. ನೀವು ಏನೂ ಮನಸಿಗೆ ಹಚ್ಚಿಕೋಬ್ಯಾಡ್ರಿ, ಹರಿವಾಣ ಕೊಡ್ರಿ, ಆಕಿಗೆ ನಾನ ನಿಧಾನಕ್ಕ ಹೇಳ್ತೀನಿ.’ ಇಷ್ಟು ಹೇಳಿ, ಜಂಬುನಾಥನ ಮೀಸೆ ಮತ್ತೆ ನೆನಪಾಯಿತೋ ಏನೋ, ತಡೆಯಲಾರದೆ ನಕ್ಕುಬಿಟ್ಟ. ಬಾಯಿತುಂಬ ನಕ್ಕ. ನನ್ನ ಮಗಳೂ ನಕ್ಕಳು. ಇಬ್ಬರೂ ನಗುತ್ತ ನಿಂತಿದ್ದನ್ನು ನೋಡುತ್ತ ನಾನು, ಈ ಮನೆಯಲ್ಲಿ ಈಗ ನನಗೇನು ಕೆಲಸವೆಂದು ತಿಳಿಯದೆ, ಒಳಗೆ ಹೋಗಿ ನೀರು ಕುಡಿದು ಬಂದೆ.

ಹರಿವಾಣವನ್ನು ಅವಳು ಕೊಡಲಿಲ್ಲ. ಇನ್ನೊಂದು ವಾರ ಬಿಟ್ಟು ಬರಲು ಹೇಳಿದಳು, ಅವನು ಬಂದ. ಅದರ ಮುಂದಿನ ವಾರ ಕರೆಯದೆಯೂ ಬಂದ. ನಿಶ್ಚಯದ ಮಾತು ಬಂದಾಗ ನನಗೆ ಒಳಗೊಳಗೇ ಚುಚ್ಚಿ, ‘ಪಂಪಮ್ಮಗ ಇನ್ನೂ ಗೊತ್ತಿಲ್ಲವ್ವ ಅಶ್ವಿನೀ, ಲಗ್ನಕ್ಕ ಮೊದಲ ನಿಜ ಹೇಳಿಬಿಡಬೇಕಲ್ಲ’ ಎಂದೆ. ‘ಹೇಳ್ರಿ ಅಪ್ಪಾಜಿ. ಅಶ್ವಿನಿ ಹೆಸರು ಹಿಡದು ಕೇಳ್ಯಾಳಂತ ಹೇಳ್ರಿ’ ಎಂದಳು ನನ್ನ ಮಗಳು. ಇಷ್ಟು ವರ್ಷ ‘ನೋಡೋಣ’ ಎಂಬುದನ್ನು ಬಿಟ್ಟು ಬೇರೆ ಮಾತು ಅವಳ ಬಾಯಿಂದ ನಾನು ಕೇಳಿರಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂಬುದನ್ನು ತಮ್ಮಂಥವರಿಗೆ ಹೇಳಿ ಫಲವಿಲ್ಲ.

ಹಾಗಾದರೆ ದೂರು ಯಾತಕ್ಕೆಂದು ತಾವು ಕೇಳಬಹುದು. ದೂರು ನನ್ನ ಕಸುಬಿನದು. ಲಗ್ನವಾದಾಗಿನಿಂದ ನನ್ನ ಬಾಗಿಲಿಗೆ ಬರುವವರು ಅಂಗಳದಲ್ಲೇ ನಿಂತು, ‘ನೀವ್ ಹುಡುಕೋದು ಬ್ಯಾಡ್ರಿ, ಮಿಷನ್‌ಗೆ ಹಾಕ್ರಿ’ ಎನ್ನುತ್ತಿದ್ದಾರೆ. ಹಾಲೇಶನ ತಂದೆ ಸಹ ಫೋನು ಮಾಡಿ, ಅವರ ಹುಡುಗನ ನಂಬರು ಬದಲಿಸಿ ಇನ್ನೊಮ್ಮೆ ಕೂಡಿಸಿ ನೋಡಬಹುದೇ ಎಂದು ಮೆತ್ತಗೆ ವಿಚಾರಿಸಿದ್ದಾರೆ. ಸಂಬಂಧ ಹಚ್ಚಿದವನಿಗೆ ಲಗ್ನದ ಮಂಟಪದಲ್ಲಿ ಶಾಲು ಹೊದಿಸುವುದು ನಮ್ಮಲ್ಲಿ ವಾಡಿಕೆ. ಈ ಲಗ್ನದಲ್ಲಿ ಆ ಶಾಲನ್ನು ಕೊಡಬೇಕಾದ ಹೆಣ್ಣಿನ ತಂದೆಯೂ ನಾನೇ, ತೆಗೆದುಕೊಳ್ಳಬೇಕಾದ ಮಧ್ಯಸ್ಥ ನಾನೋ ತಾವೋ ಎಂಬುದು ತೀರ್ಮಾನವಾಗದೆ ಅದು ಮಡಿಕೆ ಬಿಚ್ಚದೆ ಉಳಿದಿದೆ. ತಾವು ದಯಮಾಡಿ ಆದವಾನಿಗೆ ಬಂದು, ನಿಲ್ದಾಣದಿಂದ ಆಟೋ ಹಿಡಿದು, ಹತ್ತಿ ಮಾರುಕಟ್ಟೆಯ ಹತ್ತಿರ ಇಳಿದು ಆ ಶಾಲನ್ನು ಸ್ವೀಕರಿಸಬೇಕು. ಭುಜಗಳಿಲ್ಲದಿದ್ದರೆ ಆಗಮನಕ್ಕೆ ಮೊದಲು ಅವುಗಳ ಏರ್ಪಾಡು ಮಾಡಿಕೊಳ್ಳಬೇಕು. ಹಾಗೆಯೇ ಇನ್ನುಮುಂದೆ ಕೂಡಿಸುವ ಮೊದಲು ಎರಡೂ ಕಡೆಯ ಬೆಡಗು ಕೇಳುವುದನ್ನೂ, ಹುಡುಗಿಯ ತಾಯಿಯನ್ನು ಕಂಡು ಕುಶಲ ವಿಚಾರಿಸುವುದನ್ನೂ, ಒಂದರ ನಂತರ ಎರಡನ್ನು ಕನಿಷ್ಠ ಹಬ್ಬದ ದಿನಗಳಲ್ಲಾದರೂ ಇಡುವುದನ್ನೂ ರೂಢಿಸಿಕೊಳ್ಳಬೇಕೆಂದು ಪ್ರಾರ್ಥನೆ. ಇದಾವುದೂ ಆಗ್ರಹವಲ್ಲ. ನನ್ನ ಆಗ್ರಹಕ್ಕೆ ತಾವು ಏನು ಉತ್ತರ ಕೊಡುತ್ತೀರೆಂಬುದು ಆ ಕಪ್ಪು ಪರದೆಯ ಮುಂದೆ ಕೂತಾಗಲೇ ಗೊತ್ತಾಗಿದೆ.

ಕಸುಬಿನಲ್ಲಿ ತಮಗಿಂತ ಹಿರಿಯನೂ, ಗಿರಾಕಿಗಳಲ್ಲಿ ಇತ್ತೀಚೆಗೆ ತಮಗಿಂತ ಬಡವನೂ ಆದ,

ತಮ್ಮ ವಿಶ್ವಾಸಿ,
ಪಂಚಾಕ್ಷರಯ್ಯ, ಆದವಾನಿ

ವಿ.ಸೂ.: ಲಗ್ನದ ನಂತರ ಏನೇ ಕುಂದುಕೊರತೆ ಬಂದರೂ ಅದು ಸಂಬಂಧ ಹಚ್ಚಿದವನ ತಲೆಗೇ ಬರುವುದು ನಮ್ಮ ಕಡೆಯ ಕಟ್ಟಳೆ. ನಿನ್ನೆ ಆಸ್ಪರಿಯಿಂದ ಅಶ್ವಿನಿ ಫೋನು ಮಾಡಿದ್ದಳು. ‘ಅಪ್ಪಾಜಿ, ಅತ್ತಿಯಾರು ಹೊತ್ತು ಮೂಡಿದಾಗಿಂದ ಮುಳುಗೋ ತನಕ ತಿನ್ನು ತಿನ್ನು ಅಂತಾರ, ನನಗ ಒಂದು ಕುಪ್ಪಸನೂ ಹಿಡಿಯವಲ್ದು. ನೀವ ಬಂದು ಒಂದ ಮಾತು ಹೇಳ್ರಿ. ನೀವ ಹಚ್ಚಿದ ಸಂಬಂಧ ಅಲ್ಲೇನು’ ಎಂದಳು. ನಾಳೆಯ ಬಸ್ಸಿಗೆ ಹೊರಟಿದ್ದೇನೆ. ತಮಗೆ ಇಂಥ ಫೋನು ಈವರೆಗೆ ಒಂದಾದರೂ ಬಂದಿದ್ದರೆ ಮರುಟಪಾಲಿನಲ್ಲಿ ತಿಳಿಸುವುದು.